ಟ್ಯೂನರ್ ಹಾಕಿದ ಡೀಸೆಲ್ ಪಿಕಪ್‌ನ ಹೊಗೆಯನ್ನು ಹತೋಟಿಗೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ಯೂನರ್ ಎಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಇಂಧನದ ಲೆಕ್ಕವನ್ನು ಬದಲಿಸುವ ಸಾಧನ. ಇಲ್ಲಿನ ಉತ್ತರಗಳನ್ನು ಅಮೆರಿಕದ ರಸ್ತೆಗಳಲ್ಲಿ ಓಡುವ ದೊಡ್ಡ ಡೀಸೆಲ್ ಪಿಕಪ್‌ಗಳನ್ನು ಗಮನದಲ್ಲಿಟ್ಟುಕೊಂಡು ಬರೆಯಲಾಗಿದೆ. ಅದರಲ್ಲೂ 2001ರಿಂದ 2007ರ ನಡುವೆ ತಯಾರಾದ ಷೆವ್ರೊಲೆ ಮತ್ತು ಜಿಎಂಸಿಯ 6.6 ಲೀಟರ್ ಡ್ಯುರಾಮ್ಯಾಕ್ಸ್, ಡಾಡ್ಜ್ ರ‍್ಯಾಮ್‌ನ 5.9 ಲೀಟರ್ ಕಮಿನ್ಸ್ ಹಾಗೂ ಫೋರ್ಡ್‌ನ ಪವರ್‌ಸ್ಟ್ರೋಕ್ ಎಂಜಿನ್‌ಗಳ ವಿಚಾರವೇ ಇಲ್ಲಿ ಹೆಚ್ಚು. ಈ ತಲೆಮಾರಿನ ಗಾಡಿಗಳಿಗೆ ಮಸಿ ಹಿಡಿಯುವ ಫಿಲ್ಟರ್ ಇರಲಿಲ್ಲವಾದ್ದರಿಂದ ಟ್ಯೂನರ್‌ನಲ್ಲಿ ಮಾಡಿದ ಎಡವಟ್ಟು ನೇರವಾಗಿ ಸೈಲೆನ್ಸರ್ ಬಾಯಲ್ಲಿ ಕಾಣಿಸುತ್ತದೆ. ಫಿಲ್ಟರ್ ಇರುವ ನಂತರದ ಗಾಡಿಗಳಿಗೂ ಕರ್ನಾಟಕದ ವಾಹನಗಳಿಗೂ ಸಂಬಂಧಿಸಿದ ಪ್ರಶ್ನೆಗಳನ್ನು ಕೊನೆಯ ಭಾಗದಲ್ಲಿ ಸೇರಿಸಲಾಗಿದೆ.

ಟ್ಯೂನರ್ ಎಂಬ ಹೆಸರಿನಲ್ಲಿ ಮಾರಾಟವಾಗುವುದೆಲ್ಲ ಒಂದೇ ಬಗೆಯದೇ?

ಅಲ್ಲ. ಹೊಗೆಯ ವಿಷಯದಲ್ಲಿ ಇವುಗಳ ನಡುವಿನ ವ್ಯತ್ಯಾಸ ಬಹಳ ಮುಖ್ಯವಾದುದು. ಅಗ್ಗದ ಪ್ರೆಷರ್ ಬಾಕ್ಸ್‌ಗಳು ರೇಲ್ ಪ್ರೆಷರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ಇಂಧನ ಒದಗಿಸುವ ಕೊಳವೆಯ ಒತ್ತಡ) ಅಳೆಯುವ ಸೆನ್ಸರ್‌ನ ವೈರಿನ ನಡುವೆ ಕುಳಿತು, ಒತ್ತಡ ನಿಜವಾಗಿ ಇರುವುದಕ್ಕಿಂತ ಕಡಿಮೆ ಇದೆ ಎಂದು ಎಂಜಿನ್ ಕಂಪ್ಯೂಟರಿಗೆ ಸುಳ್ಳು ಹೇಳುತ್ತವೆ. ಕಂಪ್ಯೂಟರ್ ಅದನ್ನು ನಂಬಿ ಒತ್ತಡ ಏರಿಸುತ್ತದೆ, ಅಷ್ಟೇ ಸಮಯದಲ್ಲಿ ಹೆಚ್ಚು ಡೀಸೆಲ್ ಒಳಗೆ ಹೋಗುತ್ತದೆ. ಎರಡನೆಯ ಬಗೆಯವು ಇಂಜೆಕ್ಟರ್ ತೆರೆದಿರುವ ಅವಧಿಯನ್ನೇ ಹಿಗ್ಗಿಸುತ್ತವೆ. ಮೂರನೆಯವು ಕಂಪ್ಯೂಟರಿನೊಳಗಿನ ಕೋಷ್ಟಕಗಳನ್ನೇ ಮರುಬರೆಯುತ್ತವೆ. ಒತ್ತಡ, ಅವಧಿ, ಟೈಮಿಂಗ್, ಟರ್ಬೊ ವೇನ್‌ಗಳ (ಅನಿಲದ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ರೆಕ್ಕೆಗಳ) ಸ್ಥಾನ, ಬೂಸ್ಟ್‌ಗೆ (ಟರ್ಬೊ ಒಳಕ್ಕೆ ತುಂಬುವ ಗಾಳಿಯ ಒತ್ತಡಕ್ಕೆ) ತಕ್ಕಂತೆ ಇಂಧನದ ಮಿತಿ, ಇವೆಲ್ಲವನ್ನೂ ಅಲ್ಲಿ ಬೇರೆಬೇರೆಯಾಗಿ ತಿದ್ದಬಹುದು. ಹೊಗೆಯನ್ನು ನಿಜವಾಗಿ ಹತೋಟಿಗೆ ತರಬೇಕೆನ್ನುವವರಿಗೆ ಈ ಮೂರನೆಯ ಬಗೆ, ಅಥವಾ ಕಡಿಮೆ ಬೂಸ್ಟ್‌ನಲ್ಲಿ ಇಂಧನವನ್ನು ಪ್ರತ್ಯೇಕವಾಗಿ ತಗ್ಗಿಸುವ ಸೌಲಭ್ಯವಿರುವ ಬಾಕ್ಸ್ ಬೇಕಾಗುತ್ತದೆ. ಆ ಸೌಲಭ್ಯವಿಲ್ಲದ ಬಾಕ್ಸ್‌ನಲ್ಲಿ ‘ಲೆವೆಲ್’ ಇಳಿಸುವುದೊಂದನ್ನು ಬಿಟ್ಟು ಬೇರೆ ದಾರಿಯಿಲ್ಲ.

ಟ್ಯೂನರ್ ಹಾಕಿದ ತಕ್ಷಣ ಕರಿಹೊಗೆ ಏಕೆ ಶುರುವಾಗುತ್ತದೆ?

ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ತೆರೆದುಕೊಳ್ಳುವುದು ಗಾಳಿಯ ಬಾಗಿಲು. ಇಂಧನ ಆ ಗಾಳಿಯನ್ನು ಹಿಂಬಾಲಿಸುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಇದು ತಿರುಗುಮುರುಗು. ಕಾಲು ಒತ್ತಿದಾಗ ಮೊದಲು ಹೆಚ್ಚುವುದು ಇಂಧನ. ಆ ಇಂಧನ ಉರಿದು, ಬಿಸಿ ಅನಿಲ ಟರ್ಬೊವನ್ನು ತಿರುಗಿಸಿ, ಟರ್ಬೊ ಗಾಳಿಯನ್ನು ಒಳಕ್ಕೆ ತುಂಬುವುದು ಆಮೇಲೆ. ಈ ನಡುವಿನ ಒಂದೆರಡು ಸೆಕೆಂಡುಗಳಲ್ಲಿಯೇ ಹೊಗೆಯ ಕಥೆಯೆಲ್ಲ ಅಡಗಿದೆ.

ಒಂದು ಪಾಲು ಡೀಸೆಲ್ ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ ಸುಮಾರು 14.5 ಪಾಲು ಗಾಳಿ ಬೇಕು. ಆದರೆ ಸಿಲಿಂಡರಿನೊಳಗೆ ಡೀಸೆಲ್ ಗಾಳಿಯೊಂದಿಗೆ ಸಮವಾಗಿ ಬೆರೆಯುವಷ್ಟು ಸಮಯವೇ ಇರುವುದಿಲ್ಲ. ಹನಿಗಳ ಸುತ್ತ ಗಾಳಿ ಕಡಿಮೆಯಾದ ಜಾಗಗಳಲ್ಲಿ ಇಂಗಾಲ ಉರಿಯದೆ ಮಸಿಯಾಗಿ ಉಳಿಯುತ್ತದೆ. ಆದ್ದರಿಂದ ಅನುಪಾತ 20ರ ಆಸುಪಾಸಿನಿಂದ ಕೆಳಗೆ ಇಳಿದಂತೆಲ್ಲ ಹೊಗೆ ಕಣ್ಣಿಗೆ ಕಾಣತೊಡಗುತ್ತದೆ. ಕಂಪನಿಯವರು ಇದನ್ನು ತಿಳಿದೇ, ಬೂಸ್ಟ್ ಇಷ್ಟಿದ್ದರೆ ಇಂಧನ ಇಷ್ಟನ್ನು ಮೀರಬಾರದು ಎಂಬ ಮಿತಿಯೊಂದನ್ನು ಕಂಪ್ಯೂಟರಿನಲ್ಲಿ ಇಟ್ಟಿರುತ್ತಾರೆ. ಟ್ಯೂನರ್ ಮೊದಲು ಮುರಿಯುವುದು ಆ ಮಿತಿಯನ್ನೇ. ಗಾಡಿ ಓಡಿಸುವವನಿಗೆ ಆ ಕ್ಷಣದಲ್ಲಿ ಪೆಡಲ್ ಚುರುಕಾದಂತೆ ಅನ್ನಿಸುತ್ತದೆ, ಹಿಂದೆ ಬರುವವನಿಗೆ ರಸ್ತೆ ಕಾಣದಂತಾಗುತ್ತದೆ.

ಹೊಗೆ ದಟ್ಟವಾಗಿದ್ದಷ್ಟೂ ಎಂಜಿನ್ ಶಕ್ತಿ ಹೆಚ್ಚು ಎನ್ನುವುದು ನಿಜವೇ?

ನಿಜವಲ್ಲ. ಕಪ್ಪಾಗಿ ಹೊರಗೆ ಹೋಗುವುದು ನೀವು ದುಡ್ಡು ಕೊಟ್ಟು ತುಂಬಿಸಿದ, ಕೆಲಸ ಮಾಡದೆ ಹೊರಟುಹೋದ ಡೀಸೆಲ್. ಗಾಳಿ ಸಾಲದ ಕಡೆ ಇನ್ನಷ್ಟು ಇಂಧನ ಸುರಿದರೆ ಟಾರ್ಕ್ ಅಲ್ಪಸ್ವಲ್ಪ ಏರಬಹುದು, ಆದರೆ ಎಕ್ಸಾಸ್ಟ್ ಉಷ್ಣಾಂಶ ಅದಕ್ಕಿಂತ ಬೇಗ ಏರುತ್ತದೆ. ಟರ್ಬೊಗೆ ಮುಂಚೆ ಅಳೆದ ಉಷ್ಣಾಂಶ ಬಹುಕಾಲ 1,250–1,300 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 700 ಡಿಗ್ರಿ ಸೆಲ್ಸಿಯಸ್ ಮೀರಿ ನಿಂತರೆ ಅಲ್ಯುಮಿನಿಯಂ ಪಿಸ್ಟನ್‌ಗಳಿಗೆ ಅಪಾಯ ಎನ್ನುವುದು ಈ ಗಾಡಿಗಳನ್ನು ಬಲ್ಲವರ ಲೆಕ್ಕ. ಈ ಉಷ್ಣಾಂಶ ತೋರಿಸುವ ಪೈರೋಮೀಟರ್ ಇಲ್ಲದೆ ಟ್ಯೂನರ್ ಹಾಕಿಕೊಂಡು ಓಡಾಡುವುದು ನನ್ನ ದೃಷ್ಟಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಘಾಟಿ ಇಳಿದಂತೆ. ಬೇಕೆಂದೇ ಹೊಗೆ ಉಗುಳಿಸುವ ‘ರೋಲಿಂಗ್ ಕೋಲ್’ ಶೋಕಿಯ ಬಗ್ಗೆ ಇಲ್ಲಿ ಸಲಹೆ ಇಲ್ಲ.

ಟ್ಯೂನರ್‌ನಲ್ಲಿ ಮೊದಲು ಯಾವುದನ್ನು ತಿದ್ದಬೇಕು?

ಹೆಚ್ಚಿನವರು ಗರಿಷ್ಠ ಶಕ್ತಿಯ ಲೆವೆಲ್ಲನ್ನು ಹಿಡಿದು ಆಟವಾಡುತ್ತಾರೆ. ಬೂಸ್ಟ್ ಪೂರ್ತಿ ತುಂಬಿದ ಮೇಲೆ ಮಧ್ಯಮ ಮಟ್ಟದ ಟ್ಯೂನ್‌ನಲ್ಲಿ ಹೊಗೆ ಸಾಮಾನ್ಯವಾಗಿ ತಾನೇ ತಿಳಿಯಾಗುತ್ತದೆ. ತೊಂದರೆ ಇರುವುದು ಬೂಸ್ಟ್ ಬರುವ ಮುಂಚಿನ ಘಟ್ಟದಲ್ಲಿ. ಆದ್ದರಿಂದ ಮೊದಲು ತಿದ್ದಬೇಕಾದುದು ಕಡಿಮೆ ಬೂಸ್ಟ್‌ನಲ್ಲಿ ಕೊಡುವ ಇಂಧನವನ್ನು. ಕೆಲವು ಟ್ಯೂನರ್‌ಗಳಲ್ಲಿ ಇದು ‘ಲೋ ಬೂಸ್ಟ್ ಫ್ಯೂಯೆಲಿಂಗ್’ ಎಂದೂ ಕೆಲವದರಲ್ಲಿ ‘ಸ್ಮೋಕ್ ಲಿಮಿಟ್’ ಎಂದೂ ಇರುತ್ತದೆ.

ಮಾಡುವ ಕ್ರಮ ಹೀಗೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಖಾಲಿ ಇರುವ ನೇರ ರಸ್ತೆಯಲ್ಲಿ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು, ಒಂದೇ ಗೇರಿನಲ್ಲಿ 1,500 ಆರ್‌ಪಿಎಂ ಆಸುಪಾಸಿನಿಂದ ಪೆಡಲನ್ನು ಮುಕ್ಕಾಲು ಭಾಗ ಒತ್ತಿ ಹಿಡಿಯಬೇಕು. ಬೂಸ್ಟ್, ಪೆಡಲ್ ಶೇಕಡಾವಾರು, ಆರ್‌ಪಿಎಂ, ರೇಲ್ ಪ್ರೆಷರ್, ಎಕ್ಸಾಸ್ಟ್ ಉಷ್ಣಾಂಶ, ಈ ಐದನ್ನು ದಾಖಲು ಮಾಡುವ ವ್ಯವಸ್ಥೆ ಇದ್ದರೆ ಕೆಲಸ ಸುಲಭ. ದಾಖಲೆಯನ್ನು ನಿಧಾನವಾಗಿ ಓಡಿಸಿ ನೋಡಿದರೆ ಪೆಡಲ್ ಗೆರೆ ಸಟಕ್ಕನೆ ಮೇಲೇರುವುದೂ, ಬೂಸ್ಟ್ ಗೆರೆ ಎರಡು-ಮೂರು ಪಿಎಸ್‌ಐನಲ್ಲಿ ತೂಕಡಿಸುತ್ತಾ ಉಳಿದು ಆಮೇಲೆ ಏಳುವುದೂ ಕಾಣುತ್ತದೆ. ಈ ಎರಡು ಗೆರೆಗಳ ನಡುವಿನ ಬಿಡುವು ಎಲ್ಲಿದೆಯೋ ಕನ್ನಡಿಯಲ್ಲಿ ಹೊಗೆ ಕಾಣುವುದೂ ಆಗಲೇ. ಆ ಬಿಡುವಿನಲ್ಲಿ ಇಂಧನವನ್ನು ಒಂದೊಂದೇ ಮೆಟ್ಟಿಲು ತಗ್ಗಿಸಿ, ಪ್ರತಿ ಬಾರಿ ಅದೇ ರಸ್ತೆಯಲ್ಲಿ, ಅದೇ ದಿಕ್ಕಿನಲ್ಲಿ ಮತ್ತೆ ಓಡಿಸಿ ನೋಡಬೇಕು. ಒಟ್ಟಿಗೆ ಎರಡು ಸೆಟ್ಟಿಂಗ್ ಬದಲಿಸಬಾರದು.

ಒಂದು ಹಂತದ ನಂತರ ಗಾಡಿ ಮಂಕಾದಂತೆ ಅನ್ನಿಸತೊಡಗುತ್ತದೆ, ಏಕೆಂದರೆ ಟರ್ಬೊವನ್ನು ಏಳಿಸುವುದೂ ಅದೇ ಇಂಧನದ ಬಿಸಿಯೇ. ಹಾಗನ್ನಿಸಿದಾಗ ಒಂದು ಮೆಟ್ಟಿಲು ಮೇಲಕ್ಕೆ ಬಂದು ನಿಲ್ಲಿಸಿ. ಆರಂಭದಲ್ಲಿ ಅರೆ ಸೆಕೆಂಡು ತೆಳುವಾದ ಬೂದುಬಣ್ಣ ಕಂಡು ಮಾಯವಾದರೆ ಫಿಲ್ಟರ್ ಇಲ್ಲದ ಹಳೆಯ ಗಾಡಿಗೆ ಅದು ಒಪ್ಪತಕ್ಕದ್ದು.

ವೇನ್‌ಗಳು ಹೊರಳುವ ಟರ್ಬೊ ಇರುವ ಎಂಜಿನ್‌ಗಳಲ್ಲಿ, ಉದಾಹರಣೆಗೆ 2004ರ ನಡುವಿನಿಂದ ಬಂದ ಡ್ಯುರಾಮ್ಯಾಕ್ಸ್‌ಗಳಲ್ಲಿ ಮತ್ತು 6.0 ಲೀಟರ್ ಪವರ್‌ಸ್ಟ್ರೋಕ್‌ನಲ್ಲಿ, ಇನ್ನೊಂದು ಅನುಕೂಲವಿದೆ. ಕೆಳಗಿನ ಆರ್‌ಪಿಎಂನಲ್ಲಿ ವೇನ್‌ಗಳನ್ನು ಸ್ವಲ್ಪ ಹೆಚ್ಚು ಮುಚ್ಚಿದರೆ ಬೂಸ್ಟ್ ಬೇಗ ಏಳುತ್ತದೆ. ಇಂಧನ ಕಡಿತಗೊಳಿಸದೆಯೇ ಹೊಗೆ ಇಳಿಯುವ ದಾರಿ ಇದು. ಆದರೆ ಅತಿಯಾದರೆ ಎಂಜಿನ್ ಮತ್ತು ಟರ್ಬೊ ನಡುವೆ ಎಕ್ಸಾಸ್ಟ್ ಒತ್ತಡ ಏರಿ ಎಂಜಿನ್ ಉಸಿರುಗಟ್ಟುತ್ತದೆ.

ಇಂಜೆಕ್ಷನ್ ಟೈಮಿಂಗ್ ಮುಂದೆ ತಂದರೆ ಹೊಗೆ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮಾಡಬಹುದೇ?

ಮಾತು ಸರಿ. ಡೀಸೆಲನ್ನು ಕೊಂಚ ಬೇಗ ಸಿಂಪಡಿಸಿದರೆ ಉರಿಯಲು ಸಮಯ ಹೆಚ್ಚು ಸಿಗುತ್ತದೆ. ಮಸಿಯೂ ಎಕ್ಸಾಸ್ಟ್ ಬಿಸಿಯೂ ಇಳಿಯುತ್ತವೆ. ಆದರೆ ಸಿಲಿಂಡರಿನ ಒತ್ತಡವೂ ಜ್ವಾಲೆಯ ಉಷ್ಣಾಂಶವೂ ಏರಿ ನೈಟ್ರೋಜನ್ ಆಕ್ಸೈಡ್‌ಗಳು ಹೆಚ್ಚುತ್ತವೆ. ಮಸಿ ಮತ್ತು ನೈಟ್ರೋಜನ್ ಆಕ್ಸೈಡ್ ಡೀಸೆಲ್ ಎಂಜಿನಿಯರುಗಳ ಹಳೆಯ ತಲೆನೋವು: ಒಂದನ್ನು ಅದುಮಿದರೆ ಇನ್ನೊಂದು ತಲೆ ಎತ್ತುತ್ತದೆ. ಎರಡನೆಯದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ‘ಹೊಗೆ ನಿಂತಿತು’ ಎಂದು ಸಮಾಧಾನಪಟ್ಟುಕೊಳ್ಳುವವರೇ ಬಹಳ. ಅದಲ್ಲದೆ 6.0 ಲೀಟರ್ ಪವರ್‌ಸ್ಟ್ರೋಕ್‌ನಂತಹ ಎಂಜಿನ್‌ಗಳಲ್ಲಿ ಹೆಡ್ ಗ್ಯಾಸ್ಕೆಟ್‌ನ ದೂರು ಮೊದಲೇ ಇದೆ. ಅಲ್ಲಿ ಟೈಮಿಂಗ್ ಮುಂದೆ ತರುವುದು ಗಾಯಕ್ಕೆ ಉಪ್ಪು ಸವರಿದಂತಾಗುತ್ತದೆ. ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಅಳತೆ ಮಾಡಿ ಟ್ಯೂನ್ ಬರೆಯುವವರ ಕೈಗೆ ಇದನ್ನು ಬಿಡುವುದು ಒಳಿತು.

ಟ್ಯೂನರ್ ತೆಗೆದು ಕಂಪನಿ ಸೆಟ್ಟಿಂಗಿಗೆ ತಂದರೂ ಕರಿಹೊಗೆ ನಿಲ್ಲುತ್ತಿಲ್ಲ. ಏನು ನೋಡಬೇಕು?

ಹಾಗಿದ್ದರೆ ಟ್ಯೂನರಿನ ತಪ್ಪಲ್ಲ. ಗಾಳಿಯ ದಾರಿಯಿಂದ ಶುರು ಮಾಡಿ, ಏಕೆಂದರೆ ಅದು ಖರ್ಚಿಲ್ಲದ ಕೆಲಸ. ಏರ್ ಫಿಲ್ಟರ್ ಪೆಟ್ಟಿಗೆಯ ಮೇಲಿರುವ ಸೂಚಕವನ್ನು ನೋಡಿ, ಫಿಲ್ಟರ್ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಆಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನಿಗೆ ಹೋಗುವ ರಬ್ಬರ್ ಬೂಟ್‌ಗಳನ್ನು ಟಾರ್ಚ್ ಹಾಕಿ ಪರೀಕ್ಷಿಸಿ. ಬೂಸ್ಟ್ ಸೋರುವ ಕಡೆ ಕ್ಲ್ಯಾಂಪಿನ ಅಂಚಿನಲ್ಲಿ ಎಣ್ಣೆಯ ಮಂಜು ಕೂತು, ಅದರ ಮೇಲೆ ಧೂಳು ಮೆತ್ತಿ, ಬಳೆಯಾಕಾರದ ಕಪ್ಪು ಕಲೆ ಕಟ್ಟಿರುತ್ತದೆ. ಬೆರಳಿನಲ್ಲಿ ಒರೆಸಿದರೆ ಜಿಡ್ಡು ಅಂಟುತ್ತದೆ. ಬೂಟಿನ ಕೆಳಭಾಗದ ಸೀಳು ಎಂಜಿನ್ ನಿಂತಿರುವಾಗ ಮುಚ್ಚಿಕೊಂಡಿದ್ದು, 20 ಪಿಎಸ್‌ಐ ಬಂದಾಗ ಮಾತ್ರ ಬಾಯಿ ಬಿಡುವುದುಂಟು. ಅಂಥದ್ದನ್ನು ಹಿಡಿಯಲು ಟರ್ಬೊ ಬಾಯಿಗೆ ಮುಚ್ಚಳ ಹಾಕಿ, ಕಂಪ್ರೆಸರಿನಿಂದ ಮಿತವಾದ ಒತ್ತಡದಲ್ಲಿ ಗಾಳಿ ತುಂಬಿ, ಸೋಪು ನೀರು ಸಿಂಪಡಿಸಿ ಗುಳ್ಳೆ ಬರುವುದನ್ನು ನೋಡಬೇಕು.

ಇಜಿಆರ್ (ಎಕ್ಸಾಸ್ಟ್ ಅನಿಲದ ಒಂದಂಶವನ್ನು ಮತ್ತೆ ಒಳಕ್ಕೆ ಬಿಡುವ ವ್ಯವಸ್ಥೆ) ಇರುವ ಎಂಜಿನ್‌ಗಳಲ್ಲಿ ಬೂಸ್ಟ್ ಅಳೆಯುವ ಸೆನ್ಸರ್ ಮಸಿಯಲ್ಲಿ ಹೂತು ಸುಳ್ಳು ಅಂಕಿ ಕೊಡುವುದು ಸಾಮಾನ್ಯ. ಬಿಚ್ಚಿ ತೊಳೆದರೆ ಸಾಕು.

ಗಾಳಿಯ ಕಡೆ ಎಲ್ಲ ಸರಿಯಿದ್ದರೆ ಇಂಜೆಕ್ಟರ್‌ಗಳತ್ತ ತಿರುಗಬೇಕು. ತುದಿಯ ರಂಧ್ರ ಸವೆದ ಇಂಜೆಕ್ಟರ್ ಸಿಂಪಡಿಸುವ ಬದಲು ಸುರಿಯುತ್ತದೆ. 2001–2004ರ ಮೊದಲ ಡ್ಯುರಾಮ್ಯಾಕ್ಸ್, ಎಂದರೆ ಎಲ್‌ಬಿ7, ಈ ವಿಷಯದಲ್ಲಿ ಕುಖ್ಯಾತ. ಅದರ ಇಂಜೆಕ್ಟರ್‌ಗಳಿಗೆ ಜನರಲ್ ಮೋಟರ್ಸ್ 7 ವರ್ಷ ಅಥವಾ 2 ಲಕ್ಷ ಮೈಲಿಗಳವರೆಗೆ ವಿಶೇಷ ರಕ್ಷಣೆ ಕೊಡಬೇಕಾಗಿ ಬಂದಿತ್ತು. ಆ ಅವಧಿ ಮುಗಿದು ಬಹಳ ವರ್ಷಗಳಾದವು. ಇಂಜೆಕ್ಟರ್‌ಗಳು ವಾಲ್ವ್ ಕವರಿನ ಕೆಳಗಿರುವುದರಿಂದ ಬದಲಿಸುವ ಕೂಲಿಯೂ ದುಬಾರಿ. ರಿಪೇರಿಗೆ ಮುಂಚೆ ರಿಟರ್ನ್ ಪರೀಕ್ಷೆ ಮಾಡಿಸಿ: ಪ್ರತಿ ಇಂಜೆಕ್ಟರಿನಿಂದ ಹಿಂದಿರುಗುವ ಡೀಸೆಲನ್ನು ಬೇರೆಬೇರೆ ಸೀಸೆಗಳಲ್ಲಿ ಹಿಡಿದು ಹೋಲಿಸಿದಾಗ ಕೆಟ್ಟದ್ದು ಯಾವುದೆಂದು ಸೀಸೆಯೇ ಹೇಳುತ್ತದೆ. ಕೆಟ್ಟ ಇಂಜೆಕ್ಟರ್ ಮೇಲೆ ಟ್ಯೂನರ್ ಹಾಕುವುದಕ್ಕೆ ಅರ್ಥವಿಲ್ಲ.

ಬಿಳಿ ಅಥವಾ ನೀಲಿ ಹೊಗೆ ಬಂದರೆ?

ಅದಕ್ಕೂ ಟ್ಯೂನಿಂಗಿಗೂ ನಂಟು ಕಡಿಮೆ. ನೀಲಿ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ: ಟರ್ಬೊ ಸೀಲ್, ಪಿಸ್ಟನ್ ರಿಂಗ್, ವಾಲ್ವ್ ಸೀಲ್. ಬಿಳಿ ಎಂದರೆ ಉರಿಯದ ಡೀಸೆಲಿನ ಆವಿ ಅಥವಾ ಕೂಲೆಂಟ್. ಡೀಸೆಲಿನದಾದರೆ ಕಣ್ಣು ಉರಿಯುತ್ತದೆ, ಕೂಲೆಂಟಾದರೆ ಸಿಹಿ ವಾಸನೆ ಬರುತ್ತದೆ, ರೇಡಿಯೇಟರಿನ ನೀರು ಇಳಿಯುತ್ತದೆ. ಎಲ್‌ಬಿ7 ಐಡಲ್‌ನಲ್ಲಿ ಬಿಳಿ ಹೊಗೆ ಬಿಡುತ್ತಿದ್ದರೆ ಮೊದಲ ಅನುಮಾನ ಇಂಜೆಕ್ಟರ್ ಮೇಲೆಯೇ ಇರಲಿ, ಡಿಪ್‌ಸ್ಟಿಕ್ ತೆಗೆದು ಆಯಿಲ್‌ನಲ್ಲಿ ಡೀಸೆಲ್ ವಾಸನೆ ಇದೆಯೇ ನೋಡಿ.

ದೊಡ್ಡ ಟರ್ಬೊ ಹಾಕಿಸಿದರೆ ಹೊಗೆ ನಿಲ್ಲುವುದಿಲ್ಲವೇ?

ಮೇಲಿನ ಆರ್‌ಪಿಎಂನಲ್ಲಿ ನಿಲ್ಲಬಹುದು, ಕೆಳಗೆ ಹೆಚ್ಚುತ್ತದೆ. ದೊಡ್ಡ ಚಕ್ರ ನಿಧಾನವಾಗಿ ಏಳುತ್ತದೆ, ಹೊಗೆಯ ಬಿಡುವು ಇನ್ನೂ ಉದ್ದವಾಗುತ್ತದೆ. ನಿತ್ಯ ಓಡಾಟಕ್ಕೂ ಟ್ರೇಲರಿಗೂ ಬಳಸುವ ಗಾಡಿಗೆ ಕಂಪನಿಯ ಟರ್ಬೊ ಮತ್ತು ಮಿತವಾದ ಟ್ಯೂನ್ ಸಾಕು. ದೊಡ್ಡ ಇಂಜೆಕ್ಟರ್ ನಾಜಲ್ ಹಾಕಿಸಿಕೊಂಡು ಆಮೇಲೆ ಹೊಗೆಗೆ ಮದ್ದು ಹುಡುಕುವವರನ್ನು ನೋಡಿದರೆ ಕೈಯಾರೆ ತಂದುಕೊಂಡ ಕಷ್ಟ ಎನ್ನದೆ ವಿಧಿಯಿಲ್ಲ.

ಟ್ರೇಲರ್ ಎಳೆದುಕೊಂಡು ಬೆಟ್ಟ ಹತ್ತುವಾಗ ಮಾತ್ರ ಹೊಗೆ ಬರುತ್ತದೆ. ಏಕೆ?

ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಕೊಲರಾಡೊದ ಡೆನ್ವರ್ ನಗರವೇ ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿ ಹಿಡಿದು ಐಸೆನ್‌ಹೋವರ್ ಸುರಂಗಕ್ಕೆ ಹೋದರೆ ಎತ್ತರ 3,400 ಮೀಟರ್ ಮುಟ್ಟುತ್ತದೆ, ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದರ ಶೇ. 70ರ ಆಸುಪಾಸಿಗೆ ಇಳಿಯುತ್ತದೆ. ಟೆಕ್ಸಸ್‌ನ ಬಯಲಿನಲ್ಲಿ ಕೂತು ಬರೆದ ಟ್ಯೂನ್ ಅಲ್ಲಿ ಹೊಗೆ ಬಿಡದೆ ಇದ್ದರೆ ಆಶ್ಚರ್ಯ. ಎಳೆಯುವ ಕೆಲಸಕ್ಕೆ ಪ್ರತ್ಯೇಕವಾದ ಟೋ ಟ್ಯೂನ್ ಬಳಸಿ, ಭಾರ ಎಳೆಯುವಾಗ ಗೇರ್ ಬದಲಾವಣೆಯನ್ನು ತಿದ್ದುವ ಟೋ-ಹಾಲ್ ಮೋಡ್ ಒತ್ತಿಕೊಳ್ಳಿ. ಗೇರ್ ಬೇಗ ಇಳಿದು ಎಂಜಿನ್ 2,000 ಆರ್‌ಪಿಎಂ ಮೇಲೆ ತಿರುಗುತ್ತಿದ್ದರೆ ಟರ್ಬೊ ಎಚ್ಚರವಾಗಿಯೇ ಇರುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ ನರಳುತ್ತಿರುವಾಗ ರೇಸ್ ಕೊಡುವುದೇ ಕರಿಹೊಗೆಗೆ ಕೊಡುವ ಕರೆಯೋಲೆ.

ಹಳೆಯ 12 ವಾಲ್ವ್ ಕಮಿನ್ಸ್‌ಗೆ ಕಂಪ್ಯೂಟರೇ ಇಲ್ಲವಲ್ಲ, ಅದಕ್ಕೇನು ದಾರಿ?

1994–1998ರ ಆ ಗಾಡಿಗಳಲ್ಲಿ ಬಾಷ್ ಪಿ7100 ಪಂಪಿನ ಮೇಲಿರುವ ಎಎಫ್‌ಸಿ ಎಂಬ ಭಾಗವೇ ಹೊಗೆಯ ಕಾವಲುಗಾರ. ಬೂಸ್ಟ್ ಒತ್ತಡ ಅದರೊಳಗಿನ ಡಯಾಫ್ರಮನ್ನು ತಳ್ಳಿದಷ್ಟೇ ಇಂಧನದ ಕಡ್ಡಿ ಸರಿಯಲು ಬಿಡುವುದು ಅದರ ಕೆಲಸ. ಹೌಸಿಂಗನ್ನು ಎಂಜಿನಿನ ಮುಂಬದಿಗೆ ಸರಿಸಿದಷ್ಟೂ ಇಂಧನ ಬೇಗ ಬರುತ್ತದೆ, ಹೊಗೆ ಹೆಚ್ಚುತ್ತದೆ. ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಂದು, ಸ್ಕ್ರೂ ಬಿಗಿದು, ಓಡಿಸಿ ನೋಡಬೇಕು.

2007ರ ನಂತರದ, ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಯಲ್ಲಿ ಹೊಗೆ ಕಂಡರೆ?

ಅಮೆರಿಕದಲ್ಲಿ 2007ರ ಮಾನದಂಡಗಳೊಂದಿಗೆ ಡಿಪಿಎಫ್, 2010ರ ಮಾನದಂಡಗಳೊಂದಿಗೆ ಯೂರಿಯಾ ದ್ರಾವಣ ಬಳಸಿ ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸುವ ಎಸ್‌ಸಿಆರ್ ಬಂದವು. ಡಿಪಿಎಫ್ ಸರಿಯಿರುವ ಗಾಡಿಯ ಸೈಲೆನ್ಸರ್ ತುದಿಯೊಳಗೆ ಬೆರಳಾಡಿಸಿದರೆ ಮಸಿ ಅಂಟಬಾರದು. ಕರಿಹೊಗೆ ಕಾಣುತ್ತಿದೆ ಎಂದರೆ ಫಿಲ್ಟರ್ ಒಳಗೆ ಒಡೆದಿದೆ, ಇಲ್ಲವೇ ಯಾರೋ ಕಿತ್ತು ಹಾಕಿದ್ದಾರೆ.

ಇಂಥ ಗಾಡಿಗೆ ಹೊಗೆ ಹೆಚ್ಚಿಸುವ ಟ್ಯೂನ್ ಹಾಕಿದರೆ ಕಣ್ಣಿಗೆ ಏನೂ ಕಾಣದಿದ್ದರೂ ಒಳಗೆ ಫಿಲ್ಟರ್ ಬೇಗ ತುಂಬುತ್ತದೆ, ಅದನ್ನು ಸುಡುವ ರೀಜೆನ್ ಮತ್ತೆ ಮತ್ತೆ ನಡೆಯುತ್ತದೆ. 6.4 ಲೀಟರ್ ಪವರ್‌ಸ್ಟ್ರೋಕ್ ಮತ್ತು 2007–2010ರ ಡ್ಯುರಾಮ್ಯಾಕ್ಸ್‌ಗಳಲ್ಲಿ ರೀಜೆನ್‌ಗೆ ಬೇಕಾದ ಡೀಸೆಲನ್ನು ಸಿಲಿಂಡರಿನೊಳಗೇ ತಡವಾಗಿ ಸಿಂಪಡಿಸುವುದರಿಂದ ಅದರ ಒಂದಂಶ ಗೋಡೆಗುಂಟ ಇಳಿದು ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಸಂತೋಷಪಡಬೇಡಿ.

ಇದೆಲ್ಲ ಕಾನೂನಿಗೆ ಒಪ್ಪುತ್ತದೆಯೇ?

ಅಮೆರಿಕದ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ಹೊಗೆ ನಿಯಂತ್ರಣದ ಸಾಧನವನ್ನು ತೆಗೆಯುವುದೂ ನಿಷ್ಕ್ರಿಯಗೊಳಿಸುವುದೂ, ಅದಕ್ಕೆಂದೇ ಮಾಡಿದ ಬಿಡಿಭಾಗವನ್ನು ತಯಾರಿಸುವುದು, ಮಾರುವುದು, ಅಳವಡಿಸುವುದೂ ನಿಷಿದ್ಧ. ಕಂಪ್ಯೂಟರಿನೊಳಗಿನ ತಂತ್ರಾಂಶವೂ ಇದರ ವ್ಯಾಪ್ತಿಗೆ ಬರುತ್ತದೆ. ‘ಆಫ್‌ರೋಡ್ ಬಳಕೆಗೆ ಮಾತ್ರ’ ಎಂಬ ಚೀಟಿ ಅಂಟಿಸಿದರೆ, ರಸ್ತೆಗೆಂದು ಪ್ರಮಾಣೀಕರಿಸಿದ ಗಾಡಿಗೆ ವಿನಾಯಿತಿ ಸಿಗುವುದಿಲ್ಲ. ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ 2020ರ ನವೆಂಬರಿನಲ್ಲಿ ಹೊರತಂದ ವರದಿಯಲ್ಲಿ, ಅದಕ್ಕೆ ಹಿಂದಿನ ದಶಕದಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಹೊಗೆ ನಿಯಂತ್ರಣ ವ್ಯವಸ್ಥೆಯನ್ನು ಕಿತ್ತುಹಾಕಲಾಗಿದೆ ಎಂದು ಅಂದಾಜಿಸಿತ್ತು.

ಸುರಕ್ಷಿತ ದಾರಿ ಎಂದರೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಪರೀಕ್ಷಿಸಿ ಎಕ್ಸಿಕ್ಯುಟಿವ್ ಆರ್ಡರ್ ಎಂಬ ಮಾನ್ಯತೆಯ ಸಂಖ್ಯೆ ನೀಡಿರುವ ಟ್ಯೂನರ್ ಕೊಳ್ಳುವುದು. ಆ ಸಂಖ್ಯೆ ನಿಮ್ಮ ಗಾಡಿಯ ವರ್ಷಕ್ಕೂ ಎಂಜಿನಿಗೂ ಅನ್ವಯಿಸುತ್ತದೆಯೇ ಎಂದು ತಾಳೆ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 1998 ಮತ್ತು ಅನಂತರದ ಮಾದರಿಯ, 14,000 ಪೌಂಡ್ ಒಳಗಿನ ಡೀಸೆಲ್ ಗಾಡಿಗಳಿಗೆ 2010ರಿಂದ ಸ್ಮಾಗ್ ಚೆಕ್ ಎಂಬ ಹೊಗೆ ತಪಾಸಣೆ ಕಡ್ಡಾಯ. 2021ರ ಜುಲೈನಿಂದ ತಿದ್ದಿದ ತಂತ್ರಾಂಶವನ್ನೂ ಅಲ್ಲಿ ಪತ್ತೆ ಮಾಡುತ್ತಾರೆ. ನ್ಯೂ ಜೆರ್ಸಿ 2015ರಲ್ಲಿ, ಕೊಲರಾಡೊ 2017ರಲ್ಲಿ ಬೇಕೆಂದೇ ಹೊಗೆ ಉಗುಳಿಸುವುದರ ವಿರುದ್ಧ ಪ್ರತ್ಯೇಕ ಕಾನೂನು ಮಾಡಿದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ ಮೇಲೆ ಇಂಥ ಕಾನೂನುಗಳನ್ನು ಅತಿರೇಕ ಎನ್ನುವುದು ಕಷ್ಟ.

ಕರ್ನಾಟಕದಲ್ಲಿ ಬೊಲೆರೊ ಪಿಕಪ್, ಇಸುಝು ವಿ-ಕ್ರಾಸ್‌ನಂತಹ ಗಾಡಿಗೆ ಟ್ಯೂನಿಂಗ್ ಬಾಕ್ಸ್ ಹಾಕಬಹುದೇ?

ಎಂಜಿನಿನ ಮಟ್ಟಿಗೆ ಮೇಲಿನ ವಿವರಣೆಯೆಲ್ಲ ಇವಕ್ಕೂ ಸಲ್ಲುತ್ತದೆ. ಕಾನೂನಿನ ಮಟ್ಟಿಗೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಮಾರ್ಪಾಡಿಗೆ ಅವಕಾಶ ಕೊಡುವುದಿಲ್ಲ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು.

ಎಮಿಷನ್ ಟೆಸ್ಟ್‌ನಲ್ಲಿ ಡೀಸೆಲ್ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಪೂರ್ತಿ ರೇಸ್ ಕೊಟ್ಟು, ಹೊಗೆಯ ಸಾಂದ್ರತೆಯನ್ನು, ಎಂದರೆ ಅದು ಬೆಳಕನ್ನು ಎಷ್ಟು ತಡೆಯುತ್ತದೆ ಎನ್ನುವುದನ್ನು, ಅಳೆಯುತ್ತಾರೆ. ಬಿಎಸ್-4ಕ್ಕೆ ಹಿಂದಿನ ಗಾಡಿಗಳಿಗೆ ಮಿತಿ ಮೀಟರಿಗೆ 2.45, ಬಿಎಸ್-4 ಗಾಡಿಗಳಿಗೆ 1.62. ಭಾರವಿಲ್ಲದೆ ರೇಸ್ ಕೊಟ್ಟಾಗ ಟರ್ಬೊ ಸರಿಯಾಗಿ ಏಳುವುದೇ ಇಲ್ಲ. ಬೂಸ್ಟ್ ಇಲ್ಲದಾಗ ಸುರಿದ ಇಂಧನವೇ ಅಲ್ಲಿ ಹೊಗೆಯಾಗಿ ಬೀಳುತ್ತದೆ. ಘಾಟಿ ರಸ್ತೆಯಲ್ಲಿ ಚೊಕ್ಕವಾಗಿ ಓಡುವ ಬಾಕ್ಸ್ ಹಾಕಿದ ಗಾಡಿ ಟೆಸ್ಟ್‌ನಲ್ಲಿ ಫೇಲ್ ಆಗುವುದಕ್ಕೆ ಕಾರಣ ಇದೇ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಪಿಕಪ್‌ಗಳಲ್ಲಿ ಡಿಪಿಎಫ್ ಇರುವುದರಿಂದ ಅವುಗಳಿಗೆ ಬಾಕ್ಸ್ ಹಾಕಿಸುವ ಯೋಚನೆಯನ್ನೇ ಕೈಬಿಡುವುದು ಲೇಸು.

ಡೀಸೆಲ್ ಟ್ಯಾಂಕಿಗೆ ಬೆರೆಸುವ ಸೀಸೆಯ ಔಷಧಿಗಳಿಂದ ಹೊಗೆ ಕಡಿಮೆಯಾಗುತ್ತದೆಯೇ?

ಇಂಜೆಕ್ಟರ್ ತುದಿಯಲ್ಲಿ ಕೂತ ಕೊಳೆಯೇ ಹೊಗೆಗೆ ಕಾರಣವಾಗಿದ್ದರೆ ಕ್ಲೀನರ್‌ಗಳಿಂದ ಸ್ವಲ್ಪ ಗುಣ ಕಾಣಬಹುದು. ಸೀಟೇನ್ (ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎನ್ನುವುದರ ಅಳತೆ) ಏರಿಸುವ ಔಷಧಿಗೆ ಅಮೆರಿಕದಲ್ಲಿ ಕೊಂಚ ಅರ್ಥವಿದೆ, ಏಕೆಂದರೆ ಅಲ್ಲಿನ ಡೀಸೆಲಿಗೆ ಕನಿಷ್ಠ ಸೀಟೇನ್ 40 ಇದ್ದರೆ ಸಾಕು; ಭಾರತದ ಬಿಎಸ್-6 ಡೀಸೆಲಿಗೆ ಅದು 51. ಚಳಿಯಲ್ಲಿ ಎಂಜಿನ್ ಶುರುವಾದಾಗ ಬರುವ ಬಿಳಿ ಹೊಗೆ ಅದರಿಂದ ತಗ್ಗುತ್ತದೆ. ಆದರೆ ಗಾಳಿಗೆ ಮೊದಲೇ ಇಂಧನ ಸುರಿಯುವ ಟ್ಯೂನ್‌ನಿಂದ ಬರುವ ಕರಿಹೊಗೆಗೆ ಯಾವ ಸೀಸೆಯೂ ಮದ್ದಲ್ಲ. ಆ ಹಣಕ್ಕೆ ಒಂದು ಹೊಸ ಏರ್ ಫಿಲ್ಟರ್ ಮತ್ತು ಎರಡು ಒಳ್ಳೆಯ ಕ್ಲ್ಯಾಂಪ್ ಬರುತ್ತವೆ.